ಕುರಿಯ ಹೃದಯದ ಮುಂದೆ ಒಂದು ನಿಮಿಷ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಕಚೇರಿಯ ವರದಿಯ ಪ್ರಕಾರ ನಾನು ಸರ್ಕಾರಿ ಶಾಲೆಯ ಪ್ರಯೋಗಾಲಯವನ್ನು ಪ್ರಾರ್ಥನಾ ಮಂದಿರ ಮಾಡಿದವಳು. ನನ್ನ ತಿಳಿವಳಿಕೆಯ ಪ್ರಕಾರ ಮಕ್ಕಳಿಗೆ ಕುರಿಯ ಹೃದಯ ಕೊಯ್ದು ನೋಡುವುದನ್ನು ಕಲಿಸಿದವಳು. ಈ ಎರಡು ಪ್ರಕಾರಗಳ ನಡುವೆ ಸಿಕ್ಕಿ, ಈ ಶೈಕ್ಷಣಿಕ ವರ್ಷದ ಅರ್ಧಭಾಗವನ್ನು ನಿಮ್ಮ ಪಠ್ಯಪುಸ್ತಕಗಳ ಉಗ್ರಾಣದಲ್ಲಿ ಕಳೆದಿದ್ದೇನೆ. ಜೀವಶಾಸ್ತ್ರ ಕಲಿಸಬೇಕಾದವಳು ಜೀವಶಾಸ್ತ್ರದ ಪುಸ್ತಕಗಳನ್ನು ಗೆದ್ದಲಿನಿಂದ ಕಾಯುತ್ತಿದ್ದೇನೆ. ಗೆದ್ದಲೂ ಜೀವಿಯೇ ಆದ್ದರಿಂದ ನನ್ನ ವಿಷಯವೇನೂ ಬದಲಾಗಿಲ್ಲ ಎಂದು ನೀವು ವಾದಿಸಬಹುದು.

ಇಲ್ಲಿಂದ ಹೊರಬರುವ ದಾರಿಯನ್ನೂ ನೀವೇ ತೋರಿಸಿದ್ದೀರಿ. ನೀವು ಸಿದ್ಧಪಡಿಸಿ ಕಳಿಸಿದ ಹೇಳಿಕೆಗೆ ಸಹಿ ಹಾಕಿದರೆ ಪ್ರಯೋಗಾಲಯದ ಬೀಗದ ಕೈ ಮರುದಿನವೇ ನನಗೆ ಸಿಗುತ್ತದೆ. ಹೇಳಿಕೆ ತೀರ ಚಿಕ್ಕದು. ಪ್ರಯೋಗಾಲಯದಲ್ಲಿ ಹಿಂದಿನ ಶಿಕ್ಷಕರ ಕಾಲದಿಂದಲೂ ಪ್ರಾರ್ಥನೆ ನಡೆಯುತ್ತಿತ್ತು, ಅದನ್ನು ನಾನು ಮುಂದುವರಿಸಿದೆ, ಅದಕ್ಕಾಗಿ ವಿಷಾದಿಸುತ್ತೇನೆ, ಅಷ್ಟೇ. ವಿಷಾದಕ್ಕೆ ನನ್ನ ತಕರಾರಿಲ್ಲ. ಈ ವಯಸ್ಸಿನಲ್ಲಿ ಯಾವುದಾದರೊಂದಕ್ಕೆ ವಿಷಾದ ಇದ್ದೇ ಇರುತ್ತದೆ. ತಕರಾರು ಇರುವುದು ಪ್ರಾರ್ಥನೆ ಎಂಬ ಮಾತಿನ ಮೇಲೆ. ಅದು ನಡೆದಿಲ್ಲ. ನಡೆಯದ್ದನ್ನು ನಡೆಯಿತು ಎಂದು ಬರೆದುಕೊಡಲು ನಾನು ಕಲಿತ ವಿಜ್ಞಾನ ಒಪ್ಪುವುದಿಲ್ಲ, ನಾನು ನಂಬಿದ ಧರ್ಮವೂ ಒಪ್ಪುವುದಿಲ್ಲ. ಇದನ್ನು ನಿಮ್ಮ ಕಚೇರಿಯ ಮೂರು ಮಹಡಿಗಳಲ್ಲೂ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಹೌದು, ನಾನು ಕ್ರೈಸ್ತಳು. ಹೆಸರಿಗೆ ಮಾತ್ರವಲ್ಲ, ಭಾನುವಾರ ಬೆಳಿಗ್ಗೆ ಎದ್ದು ಸೀರೆ ಉಟ್ಟು ಹೋಗಿ, ಶ್ರುತಿ ತಪ್ಪಿದ ಹಾರ್ಮೋನಿಯಂ ಜೊತೆ ಅದಕ್ಕಿಂತ ಹೆಚ್ಚು ಶ್ರುತಿ ತಪ್ಪಿ ಹಾಡುವ ಕ್ರೈಸ್ತಳು. ಕತ್ತಿನಲ್ಲಿ ಅಮ್ಮ ಕೊಟ್ಟ ಸಣ್ಣ ಶಿಲುಬೆ ಇದೆ. ಸೋಮವಾರದಿಂದ ಶನಿವಾರದವರೆಗೆ ಜೀವಕೋಶ, ರಕ್ತಪರಿಚಲನೆ, ವಿಕಾಸವಾದ ಪಾಠ ಮಾಡುತ್ತೇನೆ. ಭಾನುವಾರಕ್ಕೂ ಸೋಮವಾರಕ್ಕೂ ನನ್ನೊಳಗೆ ಜಗಳವಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬದವರಿಗೆ ಜಗಳ ತೋರಿಸಲೆಂದೇ ಒಂದು ಜಗಳ ಹುಟ್ಟಿಸಿಕೊಳ್ಳಲು ನನಗೆ ಪುರುಸೊತ್ತು ಇರಲಿಲ್ಲ. ಈಗ ಪುರುಸೊತ್ತನ್ನು ನೀವೇ ಧಾರಾಳವಾಗಿ ಕೊಟ್ಟಿದ್ದೀರಿ.

ನಡೆದದ್ದನ್ನು ಹೇಳುತ್ತೇನೆ. ಮೇಲಿನ ತರಗತಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಹೃದಯದ ಪ್ರಾಯೋಗಿಕ ಪಾಠ ಇರುತ್ತದೆ. ಹಿಂದಿನ ದಿನವೇ ಮಾಂಸದಂಗಡಿಯವನಿಗೆ ಹೇಳಿಡಬೇಕು, ಇಲ್ಲದಿದ್ದರೆ ಅವನು ಮೇಲಿನ ನಾಳಗಳನ್ನೆಲ್ಲ ಕತ್ತರಿಸಿ ಬಿಸಾಡುತ್ತಾನೆ. "ಕೊಳವೆ ಉದ್ದ ಬಿಡ್ಬೇಕು ತಾನೇ, ಗೊತ್ತು ಬಿಡಿ ಟೀಚರ್. ತಿನ್ನೋದಕ್ಕಲ್ಲದೆ ಓದೋದಕ್ಕೆ ಮಾಂಸ ಒಯ್ಯೋರು ಊರಿಗೆ ನೀವೊಬ್ರೇ" ಎನ್ನುತ್ತಾನೆ. ಮಕ್ಕಳು ಇಬ್ಬಿಬ್ಬರಾಗಿ ಒಂದೊಂದು ಎನಾಮೆಲ್ ತಟ್ಟೆಯ ಮುಂದೆ ನಿಲ್ಲುತ್ತಾರೆ. ರಬ್ಬರ್ ಗ್ಲೌಸ್ ಹಾಕಿಕೊಂಡ ಮೇಲೆ ಎಲ್ಲೂ ಮುಟ್ಟಬಾರದು, ಮೂಗು ತುರಿಸಿದರೂ ತಡೆದುಕೊಳ್ಳಬೇಕು. ಅದಕ್ಕಾಗಿ ಎರಡೂ ಕೈಗಳನ್ನು ಬೆರಳಿಗೆ ಬೆರಳು ಹೆಣೆದು ಎದೆಯ ಹತ್ತಿರ ಹಿಡಿದುಕೊಳ್ಳಲು ಕಲಿಸಿದ್ದೇನೆ. ಆಮೇಲೆ ಒಂದು ನಿಮಿಷ ಯಾರೂ ಮಾತನಾಡಬಾರದು. ತಲೆ ಬಗ್ಗಿಸಿ ತಟ್ಟೆಯಲ್ಲಿರುವುದನ್ನು ನೋಡಬೇಕು. ನಿಮಿಷ ಮುಗಿದಾಗ ನಾನು ಚಿಮಟದಿಂದ ತಟ್ಟೆಯ ಅಂಚಿಗೆ ಒಮ್ಮೆ ತಟ್ಟುತ್ತೇನೆ, ಕೆಲಸ ಶುರುವಾಗುತ್ತದೆ. ಇಷ್ಟೇ ಪದ್ಧತಿ.

ಈ ಪದ್ಧತಿ ನನ್ನದಲ್ಲ. ಆ ಪ್ರಯೋಗಾಲಯದಲ್ಲಿ ನನಗಿಂತ ಮೊದಲು ಪಾಠ ಮಾಡಿದವರು, ನನಗೇ ಪಾಠ ಮಾಡಿದವರು, ಅದನ್ನು ತಂದರು. ಅವರನ್ನು ಮೂರು ತಲೆಮಾರಿನ ಮಕ್ಕಳು ಪುರಾವೆ ಮೇಷ್ಟ್ರು ಎಂದೇ ಕರೆದರು. ನೀವು ಏನೇ ಹೇಳಿ, "ಪುರಾವೆ ಎಲ್ಲಿ?" ಎಂದು ಕೇಳುತ್ತಿದ್ದರು. ಹೊಟ್ಟೆನೋವು ಎಂದು ರಜೆ ಕೇಳಿದ ಮಗುವಿಗೂ ಅದೇ ಪ್ರಶ್ನೆ. ದೇವರ ವಿಷಯದಲ್ಲಂತೂ ಕೇಳುವುದೇ ಬೇಡ. ಮದುವೆಯನ್ನು ಯಾವ ಶಾಸ್ತ್ರವೂ ಇಲ್ಲದೆ ಮಾಡಿಕೊಂಡವರು, ತಾಯಿಯ ಉತ್ತರಕ್ರಿಯೆ ಮಾಡದೆ ನೆಂಟರ ಬಾಯಿಗೆ ಬಿದ್ದವರು. ಯಾವುದೋ ವರ್ಷ ಮಕ್ಕಳು ಕುರಿಯ ಹೃದಯವನ್ನು ಚೆಂಡಿನಂತೆ ಎಸೆದಾಡಿ, ಆ ಗಲಾಟೆಯಲ್ಲಿ ಒಬ್ಬಳ ಬೆರಳು ಮೂಳೆ ಕಾಣುವಷ್ಟು ಕೊಯ್ದುಹೋಯಿತಂತೆ. ಮುಂದಿನ ವರ್ಷದಿಂದ ಈ ಮೌನ ಬಂತು. ನಾನು ವಿದ್ಯಾರ್ಥಿನಿಯಾಗಿ ನಿಂತಾಗ ಅವರು ಹೇಳಿದ್ದು ಇಷ್ಟು: "ಇದು ನಿನ್ನೆ ತನಕ ಬಡೀತಿತ್ತು. ಕತ್ತರಿಸೋ ಮುಂಚೆ ಒಂದ್ಸಲ ಸರಿಯಾಗಿ ನೋಡಿ. ನೋಡೋದಕ್ಕೆ ಬಾಯಿ ಬೇಕಾಗಿಲ್ಲ." ಅದರಲ್ಲಿ ದೇವರು ಎಲ್ಲಿದ್ದಾನೆ ಎಂದು ನೀವೇ ಹುಡುಕಿಕೊಳ್ಳಿ.

ನಿವೃತ್ತಿಯ ಹೊತ್ತಿಗೆ ಅವರು ಪ್ರಯೋಗಾಲಯವನ್ನು ನನಗೆ ಒಪ್ಪಿಸಿದಾಗ ಸಹೋದ್ಯೋಗಿಗಳಲ್ಲಿ ಗುಸುಗುಸು ಎದ್ದಿತ್ತು. ಚರ್ಚಿಗೆ ಹೋಗುವವಳು ವಿಕಾಸವಾದವನ್ನು ನೆಟ್ಟಗೆ ಪಾಠ ಮಾಡುತ್ತಾಳೆಯೇ ಎಂದು ಗಣಿತದವರು ಅವರನ್ನು ಕೇಳಿದರು. "ಭಾನುವಾರ ಅವಳು ಏನ್ ಹಾಡ್ತಾಳೋ ನಂಗೆ ಬೇಡ. ಸೋಮವಾರ ಏನ್ ಕತ್ತರಿಸ್ತಾಳೆ, ಹೇಗ್ ಕತ್ತರಿಸ್ತಾಳೆ, ಅಷ್ಟನ್ನ ನೋಡಿದೀನಿ" ಎಂದರಂತೆ. ಹಾಗೆಂದು ನನ್ನನ್ನು ಬಿಟ್ಟರೆಂದಲ್ಲ. ಜೊತೆಗೆ ಕೆಲಸ ಮಾಡಿದಷ್ಟು ಕಾಲವೂ ಚಹಾದ ಹೊತ್ತಿಗೆ ದಿನವೂ ಕೆಣಕುತ್ತಿದ್ದರು. "ನಿನ್ನ ದೇವರಿಗೆ ಪುರಾವೆ ಎಲ್ಲಮ್ಮಾ?" ಎಂದರೆ ನಾನು, "ಪುರಾವೆ ಇದ್ದಿದ್ರೆ ಅದು ನಿಮ್ಮ ಪಾಠ ಆಗ್ತಿತ್ತು ಸರ್, ನನ್ನ ನಂಬಿಕೆ ಆಗ್ತಿರ್ಲಿಲ್ಲ" ಎನ್ನುತ್ತಿದ್ದೆ. "ಉತ್ತರ ಚೆನ್ನಾಗಿದೆ. ಮಾರ್ಕ್ಸ್ ಮಾತ್ರ ಸೊನ್ನೆ" ಎಂದು ಲೋಟ ತೊಳೆಯಲು ಏಳುತ್ತಿದ್ದರು. ಒಬ್ಬ ನಾಸ್ತಿಕ ಮತ್ತು ಒಬ್ಬ ವಿಶ್ವಾಸಿ ಒಂದೇ ಕೋಣೆಯಲ್ಲಿ ಹದಿನಾರು ವರ್ಷ ಹೀಗೆ ಚಹಾ ಕುಡಿದರು, ಶಾಲೆಯ ಕಟ್ಟಡಕ್ಕೆ ಯಾವ ಧಕ್ಕೆಯೂ ಆಗಲಿಲ್ಲ.

ಈ ವರ್ಷ ನಿಮ್ಮ ಪರಿವೀಕ್ಷಕರು ಬಂದರು. ಅವರ ದುರದೃಷ್ಟವೋ ನನ್ನದೋ, ಅವರು ಬಾಗಿಲು ತಳ್ಳಿದ್ದು ಸರಿಯಾಗಿ ಆ ನಿಮಿಷದಲ್ಲಿ. ಬೆರಳು ಹೆಣೆದ ಕೈಗಳು, ಬಗ್ಗಿದ ತಲೆಗಳು, ಮುಂದೆ ಶಿಲುಬೆ ತೊಟ್ಟ ಟೀಚರ್. ಬಾಗಿಲಲ್ಲೇ ನಿಂತುಬಿಟ್ಟರು. ನಾನು ಚಿಮಟ ತಟ್ಟಿದೆ. ಅವರು ಬಂದ ಕಾಲಲ್ಲೇ ಹಿಂದಿರುಗಿದರು. ಹತ್ತು ನಿಮಿಷ ನಿಂತಿದ್ದರೆ ಮಹಾಪಧಮನಿಗೆ ಮೇಲಿನಿಂದ ನೀರು ಹೊಯ್ದು ತೋರಿಸುತ್ತಿದ್ದೆ. ಪುಟ್ಟ ಜೇಬಿನಂಥ ಮೂರು ಕವಾಟಗಳು ನೀರು ತುಂಬಿಕೊಂಡು ಬಾಯಿ ಮುಚ್ಚುತ್ತವೆ, ಹನಿಯೂ ಕೆಳಗಿಳಿಯುವುದಿಲ್ಲ. ಸತ್ತ ಹೃದಯದಲ್ಲೂ ಕವಾಟಕ್ಕೆ ತನ್ನ ಕೆಲಸ ಗೊತ್ತಿರುತ್ತದೆ. ಅದನ್ನು ನೋಡಿದ ಮಕ್ಕಳು "ಹೋ!" ಎಂದು ಕೂಗುತ್ತಾರೆ, ವರ್ಷಕ್ಕೊಮ್ಮೆ ಆ ಕೂಗು ಕೇಳುವುದಕ್ಕಾಗಿಯೇ ನಾನು ಶಿಕ್ಷಕಿಯಾಗಿದ್ದೇನೆ. ಅದನ್ನು ಕೇಳದೆ ನಿಮ್ಮವರು ವರದಿ ಬರೆಯಲು ಹೋದರು.

ವರದಿಯನ್ನು ನಾನು ಓದಿದ್ದೇನೆ. "ವಿದ್ಯಾರ್ಥಿಗಳಿಂದ ಕೈಜೋಡಿಸಿ ಶಿರಬಾಗಿಸಿ ಪ್ರಾರ್ಥನೆ ಮಾಡಿಸಿ, ಅಂತ್ಯದಲ್ಲಿ ಗಂಟೆ ಬಾರಿಸಲಾಯಿತು" ಎಂದಿದೆ. ಮಾನ್ಯರೇ, ಗಂಟೆ! ಆರು ಅಂಗುಲದ ಚಿಮಟ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಿಮ್ಮ ಕಚೇರಿ ಕಟ್ಟಿದ್ದಷ್ಟೇ ಅಲ್ಲ, ಕರುವಿಗೆ ಹುಲ್ಲನ್ನೂ ಹಾಕಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಜೀವಶಾಸ್ತ್ರದಲ್ಲಿ ಸುಳ್ಳು, ನಿಮ್ಮ ಕಚೇರಿಯಲ್ಲಿ ನಿಜ. ಅದೇ ಕೈ, ಅದೇ ತಲೆ, ಅದೇ ಚಿಮಟ ಪುರಾವೆ ಮೇಷ್ಟ್ರ ಕಾಲದಲ್ಲಿ ಎಷ್ಟೋ ಪರಿವೀಕ್ಷಕರ ಕಣ್ಣಿಗೆ ಬಿದ್ದಿವೆ. ಒಬ್ಬರಂತೂ "ವೈಜ್ಞಾನಿಕ ಶಿಸ್ತಿಗೆ ಮಾದರಿ" ಎಂದು ಶಾಲೆಯನ್ನು ಹೊಗಳಿದ್ದರು. ನಾಸ್ತಿಕ ಸುಮ್ಮನಿದ್ದರೆ ಶಿಸ್ತು, ಕ್ರೈಸ್ತಳು ಸುಮ್ಮನಿದ್ದರೆ ಪ್ರಾರ್ಥನೆ. ಮೌನಕ್ಕೂ ಜಾತಕ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ವಿಚಾರಣೆ. ನಿಮ್ಮ ಸಭಾಂಗಣದ ಉದ್ದನೆಯ ಮೇಜಿನ ಆ ತುದಿಯಲ್ಲಿ ನೀವು, ಈ ತುದಿಯಲ್ಲಿ ನಾನು. ವಿಕಾಸವಾದವನ್ನು "ಒಪ್ಕೊಂಡು ಪಾಠ ಮಾಡ್ತೀರೋ, ಸುಮ್ನೆ ಪಾಠ ಮಾಡ್ತೀರೋ?" ಎಂದು ಕೇಳಿದಿರಿ. ರಕ್ತಪರಿಚಲನೆಯನ್ನು ಹೇಗೆ ಮಾಡುತ್ತೇನೋ ಹಾಗೆಯೇ ಎಂದೆ. ಮಕ್ಕಳನ್ನು ವಿಚಾರಿಸಿ, ಆ ನಿಮಿಷದಲ್ಲಿ ಅವರಿಗೆ ಯಾವ ದೇವರ ಹೆಸರನ್ನೂ ಹೇಳಿಕೊಟ್ಟಿಲ್ಲ ಎಂದೆ. ಮಕ್ಕಳನ್ನು ನೀವು ವಿಚಾರಿಸಿದಿರಿ ಕೂಡ. ಒಬ್ಬಳು ಹೃದಯ ಇಷ್ಟು ಚಿಕ್ಕದೇ ಎಂದುಕೊಂಡಳಂತೆ, ಇನ್ನೊಬ್ಬನಿಗೆ ಹಸಿವಾಗಿತ್ತಂತೆ, ಮತ್ತೊಬ್ಬಳು ಪಕ್ಕದವಳ ಜಡೆ ನೋಡುತ್ತಿದ್ದಳಂತೆ. ಇವೆಲ್ಲ ನಿಮ್ಮ ಕಡತದಲ್ಲೇ ಇವೆ. ಅಲ್ಲಿಗೆ ಮುಗಿಯಬೇಕಿತ್ತು. ಆಗ ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಮೃದುವಾಗಿ ಕೇಳಿದಿರಿ: "ನೀವು ಮೇಡಂ? ಆ ಒಂದು ನಿಮಿಷ ನೀವು ಮನಸ್ಸಲ್ಲಿ ಏನ್ ಮಾಡ್ತೀರಿ?"

ಬುದ್ಧಿ ಇದ್ದವರು ಯಾರಾದರೂ "ಮಕ್ಕಳ ಮೇಲೆ ಕಣ್ಣಿಟ್ಟಿರ್ತೀನಿ" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಆದರೆ ಕೇಳಿದ್ದಕ್ಕೆ ಉಳಿದರ್ಧ ಮುಚ್ಚಿಟ್ಟು ಉತ್ತರಿಸುವುದೂ ಸುಳ್ಳಿನ ತಂಗಿಯೇ ಎಂದು ಚಿಕ್ಕಂದಿನಿಂದ ನನ್ನ ತಲೆಗೆ ತುಂಬಿದ್ದಾರೆ. "ಪ್ರಾರ್ಥನೆ ಮಾಡ್ತೀನಿ ಸರ್" ಎಂದೆ. ಸತ್ಯ. ಯಾರ ಬೆರಳೂ ಕೊಯ್ಯದಿರಲಿ, ಇವರಲ್ಲಿ ಒಬ್ಬರಿಗಾದರೂ ಇದು ಹಿಡಿಸಲಿ, ಈ ಕುರಿಗೆ ಹೆಚ್ಚು ನೋವಾಗಿರದಿರಲಿ ಎಂದು ಬಾಯಿ ಮುಚ್ಚಿಕೊಂಡೇ ಕೇಳಿಕೊಳ್ಳುತ್ತೇನೆ. ನೀವು ಕನ್ನಡಕ ಹಾಕಿಕೊಂಡು ಗುಮಾಸ್ತರತ್ತ ನೋಡಿದಿರಿ. ಅವರು ಬರೆದುಕೊಂಡರು. ನನ್ನ ಮೇಲಿನ ಏಕೈಕ ಪುರಾವೆಯನ್ನು ಹೀಗೆ ನಾನೇ ಒದಗಿಸಿಕೊಟ್ಟೆ.

"ನಿಂಗೆ ಯಾರ್ ಹೇಳು ಅಂದ್ರು?" ಎಂದರು ನನ್ನ ಯಜಮಾನರು. ಅವರು ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತುವವರು, ಮುಟ್ಟಬಾರದ ತಂತಿಯನ್ನು ಮುಟ್ಟುವುದು ಅವರಿಗೆ ಅರ್ಥವೇ ಆಗುವುದಿಲ್ಲ. "ಕೇಳಿದ್ರು, ಹೇಳ್ದೆ" ಎಂದೆ. "ಸರಿ, ಈಗ ಸಹಿ ಹಾಕು. ಹಾವು ಸಾಯ್ಬೇಕು ಕೋಲು ಮುರೀಬಾರ್ದು. ಒಳಗೊಳಗೇ ನೀನು ಪ್ರಾರ್ಥನೆ ಮಾಡಿದ್ದು ನಿಜ ತಾನೇ? ಅಷ್ಟಕ್ಕೇ ಸಹಿ ಅಂದ್ಕೋ." ನಾನು ಮಾಡಿದ್ದು ನನ್ನ ಪ್ರಾರ್ಥನೆ, ಅವರು ಬರೆದಿರುವುದು ಮಕ್ಕಳಿಂದ ಮಾಡಿಸಿದ ಪ್ರಾರ್ಥನೆ, ಎರಡಕ್ಕೂ ಭೂಮಿ ಆಕಾಶದ ಅಂತರ ಎಂದು ವಿವರಿಸಿದೆ. ಅವರು, "ಅಂತರ ಇದೆ ನಿಜ. ಆದ್ರೆ ಆ ಅಂತರಕ್ಕೆ ನಿನ್ನ ಕೆಲಸಾನೇ ಕೊಡ್ಬೇಕಾ?" ಎಂದರು. ಇಬ್ಬರೂ ದೀಪ ಆರಿಸಿ ಮಲಗಿದೆವು.

ಅಷ್ಟರಲ್ಲಿ ಸುದ್ದಿ ನಮ್ಮ ಚರ್ಚಿನ ಸಭೆಗೆ ಮುಟ್ಟಿತ್ತು. ಮುಟ್ಟಿಸಿದವರು ನಮ್ಮ ಅತ್ತೆ. ಎಂಬತ್ತು ದಾಟಿದ ಅತ್ತೆಗೆ ಸೊಸೆಯ ಬಗ್ಗೆ ಹೆಮ್ಮೆಪಡಲು ಇದೇ ಮೊದಲ ಕಾರಣ ಸಿಕ್ಕಿತ್ತು. "ಕರ್ತನಿಗೋಸ್ಕರ ಹಿಂಸೆ ಅನುಭವಿಸ್ತಿದ್ದಾಳೆ ನನ್ನ ಸೊಸೆ" ಎಂದು ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದರು. ನಾನು ಮನೆಗೆ ಬಂದು ಮೆಲ್ಲಗೆ, "ಅತ್ತೆ, ಅದು ಪ್ರಾರ್ಥನೆ ಅಲ್ಲ. ಮಕ್ಳು ಸುಮ್ನೆ ನಿಂತಿದ್ರು ಅಷ್ಟೇ" ಎಂದೆ. ಅತ್ತೆಯ ಮುಖ ಬಾಡಿತು. "ಪ್ರಾರ್ಥನೇನೂ ಅಲ್ವಾ? ಮತ್ತೆ ಯಾತಕ್ಕೋಸ್ಕರ ಕೆಲಸ ಕಳ್ಕೋತಿದ್ದೀಯ ತಾಯಿ?" ಎಂದು ಕೇಳಿದರು. ಮಾನ್ಯರೇ, ಈ ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಿಮ್ಮ ಸಮಿತಿಯೂ ಕೇಳಿಲ್ಲ.

ಮುಂದಿನ ವಾರ ಸಭಾಪಾಲಕರೇ ಮನೆಗೆ ಬಂದರು, ಜೊತೆಗೆ ಸಭೆಯ ಹಿರಿಯರಿಬ್ಬರು. ಮೆರವಣಿಗೆ ಮಾಡೋಣ, ಸಹಿ ಸಂಗ್ರಹಿಸೋಣ, ಶಾಲೆಯಲ್ಲಿ ಪ್ರಾರ್ಥಿಸಿದ ಧೀರ ಸಹೋದರಿ ಎಂದು ಫಲಕ ಬರೆಸೋಣ ಎಂದರು. "ನೀವು ಪ್ರಾರ್ಥನೆ ಅಂತ ಧೈರ್ಯವಾಗಿ ಒಪ್ಕೊಳ್ಳಿ ಸಾಕು. ನಾವೆಲ್ಲ ನಿಮ್ಮ ಹಿಂದೆ ಇದೀವಿ." ನೋಡಿ, ನಿಮಗೂ ಅವರಿಗೂ ನನ್ನ ಬಾಯಿಂದ ಬೇಕಾಗಿರುವುದು ಒಂದೇ ಮಾತು. ನೀವಿಬ್ಬರೂ ಒಮ್ಮೆ ಕೂತು ಮಾತನಾಡಿದರೆ ನನ್ನ ಅಗತ್ಯವೇ ಇಲ್ಲದೆ ಮುಗಿಸಿಬಿಡಬಹುದು. ನಾನು ಒಪ್ಪಲಿಲ್ಲ. ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆ ಮಾಡಿಸಬಾರದು ಎಂಬುದು ಸರಿಯಾದ ನಿಯಮ, ನಾನು ಅದನ್ನು ಮುರಿದಿಲ್ಲ, ಮುರಿಯುವುದೂ ಇಲ್ಲ ಎಂದೆ. ಒಬ್ಬ ಹಿರಿಯರಿಗೆ ಆಗ ಹಳೆಯದೊಂದು ನೆನಪಾಯಿತು. ಚರ್ಚಿನಲ್ಲಿ ಮಕ್ಕಳಿಗೆ ನಾನು ನಡೆಸುವ ಭಾನುವಾರದ ತರಗತಿಯಲ್ಲಿ ಸೃಷ್ಟಿಯ ಆರು ದಿನ ಎಂದರೆ ಆರೇ ದಿನವೇ ಎಂದು ಮಗುವೊಂದು ಕೇಳಿದ್ದಕ್ಕೆ ನಾನು, ಸೂರ್ಯನೇ ನಾಲ್ಕನೆಯ ದಿನ ಬಂದಿದ್ದರೆ ಮೊದಲ ಮೂರು ದಿನಗಳನ್ನು ಏನು ನೋಡಿ ಎಣಿಸಿದರು, ನೀನೇ ಯೋಚಿಸು ಎಂದಿದ್ದೆ. ಆ ಮಾತನ್ನು ಸಭೆ ವಿಚಾರಿಸಿ ತೀರ್ಮಾನಿಸುವ ತನಕ ಭಾನುವಾರದ ತರಗತಿಯೂ ನನಗೆ ಬೇಡ ಎಂದಾಯಿತು. ಅತ್ತ ದರಿ, ಇತ್ತ ಪುಲಿ, ನಡುವೆ ನನ್ನ ಉಗ್ರಾಣ.

ಉಗ್ರಾಣದಲ್ಲಿ ಓದಲು ಬೇಕಾದಷ್ಟು ಸಮಯವಿದೆ, ಚರಿತ್ರೆಯ ಪುಸ್ತಕಗಳೂ ಇವೆ. ನಿಮ್ಮ ಇಲಾಖೆಯೇ ಅಚ್ಚು ಹಾಕಿಸಿದವು. ದೂರದರ್ಶಕಕ್ಕೆ ಕಣ್ಣಿಟ್ಟು ಭೂಮಿಯೇ ತಿರುಗುತ್ತದೆ ಎಂದ ಮುದುಕನೊಬ್ಬನನ್ನು ಮೊಣಕಾಲೂರಿಸಿ, ಬರೆದಿಟ್ಟ ತಪ್ಪೊಪ್ಪಿಗೆಯನ್ನು ಓದಿಸಿ, ಸಾಯುವ ತನಕ ಮನೆಯಲ್ಲಿ ಕೂಡಿಹಾಕಿದವರು ನಮ್ಮವರೇ. ಅದನ್ನು ನಾನು ಮಕ್ಕಳಿಗೆ ಮುಚ್ಚಿಡದೆ ಹೇಳುತ್ತೇನೆ. ಮಠದ ತೋಟದಲ್ಲಿ ಬಟಾಣಿ ಬೆಳೆದು, ತಂದೆತಾಯಿಯ ಗುಣ ಮಕ್ಕಳಿಗೆ ಬರುವ ಲೆಕ್ಕವನ್ನು ಕಂಡುಹಿಡಿದ ಸನ್ಯಾಸಿಯೂ ನಮ್ಮವನೇ. ಅದನ್ನೂ ಹೇಳುತ್ತೇನೆ. ಒಬ್ಬನನ್ನು ತೋರಿಸಿ ಇನ್ನೊಬ್ಬನನ್ನು ಮರೆಸುವುದು ಚರಿತ್ರೆಯಲ್ಲ. ಧರ್ಮದ ಕೈಗೆ ಸರ್ಕಾರ ಸಿಕ್ಕಾಗ ನಾವು ಎಷ್ಟು ಕೆಟ್ಟದಾಗಿ ನಡೆದುಕೊಂಡೆವು ಎಂದು ಗೊತ್ತಿರುವುದರಿಂದಲೇ, ಸರ್ಕಾರಕ್ಕೆ ಧರ್ಮ ಇರಬಾರದು ಎಂಬುದನ್ನು ನಾನು ಬಹುಶಃ ನಿಮಗಿಂತ ಗಟ್ಟಿಯಾಗಿ ನಂಬುತ್ತೇನೆ. ನೀವು ಅದನ್ನು ಸುತ್ತೋಲೆಯಿಂದ ಕಲಿತಿದ್ದೀರಿ, ನಾವು ನಮ್ಮ ಪಾಪಗಳಿಂದ ಕಲಿತೆವು.

ಆ ಮುದುಕನಿಗೆ ನನ್ನನ್ನು ಹೋಲಿಸಿಕೊಳ್ಳುವಷ್ಟು ಸೊಕ್ಕು ನನಗಿಲ್ಲ. ನನ್ನನ್ನು ಯಾರೂ ಮೊಣಕಾಲೂರಿಸಿಲ್ಲ. ನಿಮ್ಮ ಕಚೇರಿಯಲ್ಲಿ ಕುರ್ಚಿ ಕೊಟ್ಟರು, ಒಂದು ಸಲ ನೀರನ್ನೂ ಕೊಟ್ಟರು. ಆದರೂ ಕೇಳುತ್ತೇನೆ. ಕಣ್ಣಿಗೆ ಕಂಡ ಸಂಗತಿ ಒಂದು, ಅಧಿಕಾರಕ್ಕೆ ಬೇಕಾದ ಸಂಗತಿ ಇನ್ನೊಂದು, ಸಹಿ ಮಾತ್ರ ಎರಡನೆಯದಕ್ಕೆ ಬೇಕು ಎನ್ನುವ ಆ ಹಳೆಯ ಅಭ್ಯಾಸ ಈಗ ಯಾರ ಬಳಿ ಇದೆ? ಆಗ ದೇವರ ಹೆಸರಿನಲ್ಲಿ ಬರೆಸಿಕೊಂಡರು, ಈಗ ವಿಜ್ಞಾನದ ಹೆಸರಿನಲ್ಲಿ ಬರೆಸಿಕೊಳ್ಳುತ್ತೀರಿ.

ನನ್ನ ಒಬ್ಬಳ ವಿಷಯವಾಗಿದ್ದರೆ, ಇಷ್ಟು ಹೊತ್ತಿಗೆ ದಣಿವಿಗಾದರೂ ಸಹಿ ಹಾಕಿರುತ್ತಿದ್ದೆನೇನೋ. ಆದರೆ ಆ ಹೇಳಿಕೆಯಲ್ಲಿ ಹಿಂದಿನ ಶಿಕ್ಷಕರ ಕಾಲದಿಂದಲೂ ಎಂದು ಬರೆದಿದ್ದೀರಲ್ಲ. ಅದು ಪುರಾವೆ ಮೇಷ್ಟ್ರ ಕಿವಿಗೆ ಬಿತ್ತು. ಆಗಲೇ ಅವರ ಹೃದಯ ಸೋತಿತ್ತು, ಕಾಲು ಊದಿಕೊಂಡಿತ್ತು, ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ತಂಗಿಯ ಕೈ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದರು, ಲಿಫ್ಟ್ ಕೆಟ್ಟಿತ್ತು, ಪ್ರತಿ ಅಂತಸ್ತಿನಲ್ಲೂ ಕೂತು ಕೂತು ಮೇಲೆ ಹತ್ತಿದರು. ನಾನೂ ಹಿಂದೆಯೇ ಇದ್ದೆ. ಆ ಮೌನ ತನ್ನದು, ಅದರಲ್ಲಿ ದೇವರಿಗೆ ಸಂಬಂಧಿಸಿದ್ದು ಎಳ್ಳಷ್ಟೂ ಇಲ್ಲ ಎಂದು ನಿಮ್ಮೆದುರು ಹೇಳಿದರು. ನೀವು ಸಮಾಧಾನದಿಂದ, "ಸರ್, ನಿಮ್ಮ ಶಿಷ್ಯೆಯನ್ನ ಉಳಿಸೋಕೆ ಹೀಗೆ ಹೇಳ್ತಿದೀರಿ. ನಮಗೆ ಅರ್ಥ ಆಗತ್ತೆ" ಎಂದಿರಿ. ಅವರು ಮೇಜು ಹಿಡಿದುಕೊಂಡು ಎದ್ದು ನಿಂತು ಕೇಳಿದರು: "ಪುರಾವೆ ಎಲ್ಲಿ?" ನಿಮ್ಮ ಗುಮಾಸ್ತರು ನಕ್ಕರು. ಅವರಿಗೆ ಅದು ತಮಾಷೆ ಎನಿಸಿರಬೇಕು.

ಇಳಿಯುವಾಗ ಅವರು ನನ್ನನ್ನೇ ಬೈದರು. "ಮನಸ್ಸಲ್ಲಿ ಏನಿದೆ ಅಂತ ಅವ್ನು ಕೇಳಿದ್ದೇ ತಪ್ಪು. ತಪ್ಪು ಪ್ರಶ್ನೆಗೆ ಸರಿ ಉತ್ತರ ಕೊಡೋದು ಯಾವ ಶಾಲೆಯಲ್ಲಿ ಕಲಿತೆ?" ಎಂದರು. ಇನ್ನೆರಡು ಮೆಟ್ಟಿಲು ಇಳಿದು, "ಜೀವನ ಪೂರ್ತಿ ದೇವಸ್ಥಾನ, ಚರ್ಚು ಏನೂ ಹೊಕ್ಕದೆ ಬದುಕಿದೆ. ಕೊನೇಗೆ ನನ್ನನ್ನ ಭಕ್ತ ಮಾಡಿ ಕಳಿಸ್ತಿದಾರಲ್ಲೇ" ಎಂದರು. ನಗಲು ಹೋದರು, ಉಸಿರು ಸಾಲಲಿಲ್ಲ. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ನನಗೆ ಆ ಕ್ಷಣ ನಿಮ್ಮ ಮೇಲೆ ಬಂದ ಕೋಪ ಈಗಲೂ ಆರಿಲ್ಲ.

ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ಸಂಜೆ ಹೋಗಿ ಕೂರುತ್ತಿದ್ದೆ. ಒಂದು ದಿನ ಕಣ್ಣು ಮುಚ್ಚಿಕೊಂಡೇ, "ನನಗೋಸ್ಕರ ಪ್ರಾರ್ಥನೆ ಗೀರ್ಥನೆ ಮಾಡ್ಬೇಡ ನೋಡು" ಎಂದರು. "ಮಾಡ್ತೀನಿ ಸರ್. ನಿಮ್ಗೆ ಗೊತ್ತಾಗಲ್ಲ ಬಿಡಿ" ಎಂದೆ. ಅವರು ಯೋಚಿಸಿದರು; ಕಾಯಿಲೆಯಲ್ಲೂ ಯೋಚಿಸದೆ ಉತ್ತರ ಕೊಡುವವರಲ್ಲ. "ನನಗೆ ಗೊತ್ತಾಗದ್ದರ ಮೇಲೆ ನನ್ನದೇನೂ ತಕರಾರಿಲ್ಲ" ಎಂದರು. ಧರ್ಮನಿರಪೇಕ್ಷತೆಯ ಬಗ್ಗೆ ನಿಮ್ಮ ಇಲಾಖೆ ಹೊರಡಿಸಿದ ಕೈಪಿಡಿ ಈ ಉಗ್ರಾಣದಲ್ಲಿ ಕಟ್ಟುಕಟ್ಟಾಗಿ ಬಿದ್ದಿದೆ, ಪೂರ್ತಿ ಓದಿದ್ದೇನೆ. ಈ ಒಂದು ವಾಕ್ಯ ಅದರಲ್ಲಿಲ್ಲ. ಮುಂದಿನ ಮುದ್ರಣದಲ್ಲಿ ಸೇರಿಸುವುದಾದರೆ ಸೇರಿಸಿಕೊಳ್ಳಿ.

ಕಳೆದ ತಿಂಗಳು 'ಪುರಾವೆ ಮೇಷ್ಟ್ರು' ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಸಂತಾಪ ಸಭೆ ಇಟ್ಟುಕೊಂಡರು, ಅದೂ ನಿಮ್ಮದೇ ಸಭಾಂಗಣದಲ್ಲಿ, ಅಧ್ಯಕ್ಷತೆ ನಿಮ್ಮದು. ಉದ್ದನೆಯ ಮೇಜನ್ನು ಗೋಡೆಗೆ ಸರಿಸಿ ಅದರ ಮೇಲೆ ಅವರ ಚಿತ್ರ ಇಟ್ಟಿದ್ದರು. ನೀವು ಚೆನ್ನಾಗಿ ಮಾತನಾಡಿದಿರಿ. ವೈಚಾರಿಕ ಮನೋಭಾವ, ನಿರ್ಭೀತ ಬದುಕು ಎಂದೆಲ್ಲ ಹೇಳಿದಿರಿ. ಅವರ ತಂಗಿ ನನ್ನ ಪಕ್ಕದಲ್ಲಿ ಕೂತು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದರು. ಕೊನೆಗೆ ನೀವು, "ಎಲ್ಲರೂ ದಯವಿಟ್ಟು ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಎಂದಿರಿ. ಎಲ್ಲರೂ ನಿಂತೆವು. ನೀವೂ ನಿಂತಿರಿ. ಮುಂದೆ ಕೈ ಕಟ್ಟಿ, ತಲೆ ಬಗ್ಗಿಸಿ.

ಮಾನ್ಯರೇ, ನಾನು ತಲೆ ಬಗ್ಗಿಸಲಿಲ್ಲ. ನಿಮ್ಮನ್ನೇ ನೋಡಿದೆ. ಸರ್ಕಾರಿ ಕಟ್ಟಡ, ಸರ್ಕಾರಿ ಅಧಿಕಾರಿ, ಬಾಗಿದ ಶಿರ, ಎಲ್ಲ ಸರಿಹೊಂದುತ್ತಿತ್ತು. ತುಟಿ ಅಲುಗಿದರೆ ಸಿಕ್ಕಿಬಿದ್ದಿರಿ ಎಂದುಕೊಂಡೆ. ಅರ್ಧ ವರ್ಷದ ದಣಿವು ಮತ್ತು ಕೋಪವೆಲ್ಲ ನನ್ನ ಕಣ್ಣಿಗೆ ಬಂದಿತ್ತು. ಆಗ ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು ಕಾಣಿಸಿತು. ನೀವೂ ಯಾರನ್ನಾದರೂ ಕಳೆದುಕೊಂಡಿರಬೇಕು, ಈ ಮನುಷ್ಯ ಯಾರನ್ನೋ ನೆನೆಯುತ್ತಿದ್ದಾರೆ ಎನಿಸಿತು. ನನಗೆ ನಾಚಿಕೆಯಾಯಿತು. ಮುಖ ತಿರುಗಿಸಿ, ಕಣ್ಣು ಮುಚ್ಚಿದೆ. ಉಳಿದ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂದು ಮೇಷ್ಟ್ರಿಗೂ ಗೊತ್ತಾಗಿರಲಿಕ್ಕಿಲ್ಲ.

ಈಗ ನನ್ನ ಬೇಡಿಕೆ. ಪ್ರಯೋಗಾಲಯದಲ್ಲಿ ಮೌನ ಬೇಡ ಎಂದು ಆದೇಶಿಸುವ ಅಧಿಕಾರ ನಿಮಗಿದೆ. ಆದೇಶಿಸಿ, ಮಕ್ಕಳು ಗದ್ದಲ ಮಾಡುತ್ತಲೇ ಕೊಯ್ಯಲಿ, ನಾನು ಬೆರಳುಗಳಿಗೆ ಕಟ್ಟಲು ಬಟ್ಟೆ ಹಿಡಿದು ನಿಲ್ಲುತ್ತೇನೆ. ನನ್ನನ್ನು ಇಲ್ಲೇ ಗೆದ್ದಲ ಜೊತೆ ನಿವೃತ್ತಿ ಮಾಡಿಸುವುದಾದರೆ ಅದನ್ನೂ ಮಾಡಿ. ಆದರೆ ಪುರಾವೆ ಮೇಷ್ಟ್ರ ಕಾಲದಿಂದ ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು ಎಂಬ ಸಾಲನ್ನು ಕಡತದಿಂದ ಹೊಡೆದುಹಾಕಿ. ಅವರು ಈಗ ಮೆಟ್ಟಿಲು ಹತ್ತಿ ಬಂದು ನಿಮ್ಮನ್ನು ಏನೂ ಕೇಳಲಾರರು. ನಾನು ಸಹಿ ಹಾಕುವುದಿಲ್ಲ. ಆ ದಿನ ನಿಮ್ಮ ತುಟಿ ಅಲುಗಿತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರು ಕೇಳಿದರೂ ಗೊತ್ತಿಲ್ಲ ಎಂದೇ ಹೇಳುತ್ತೇನೆ. ನಾನು ನೋಡದೆ ಬಿಟ್ಟದ್ದು ಅಷ್ಟು. ನೀವೂ ನನ್ನೊಳಗಿನ ಅಷ್ಟನ್ನು ನೋಡದೆ ಬಿಡಿ.

ಇಂತಿ,
ಎರಡೂ ಕಡೆಯಿಂದ ಹೊರಗಿಟ್ಟರೂ ಎರಡೂ ಕಡೆಗೆ ಹೋಗುವುದನ್ನು ಬಿಡಲಾಗದ,
ಸದ್ಯ ಉಗ್ರಾಣದಲ್ಲಿರುವ ಒಬ್ಬ ಜೀವಶಾಸ್ತ್ರದ ಟೀಚರ್